ಇಲ್ಲದವನ ಹುಬ್ಬಿನ ಗಾಯ

ಕೋಟಿನ ಗುಂಡಿ ತಪ್ಪು ಕಡೆಗಿತ್ತು.

ಸೋಲ್ವೈ ಕನ್ನಡಕ ತೆಗೆದು, ಮಫ್ಲರಿನ ತುದಿಯಲ್ಲಿ ಒರೆಸಿ, ಮತ್ತೆ ಏರಿಸಿಕೊಂಡಳು. ಮೂಗು ಚಿತ್ರಕ್ಕೆ ತಾಗುವಷ್ಟು ಹತ್ತಿರ ಬಗ್ಗಿದಳು. ಅನುಮಾನವೇ ಇಲ್ಲ. ಗಂಡಸರ ಕೋಟಿನಲ್ಲಿ ಎಡಗಡೆಯ ಅಂಚು ಬಲಗಡೆಯ ಮೇಲೆ ಬಂದು ಕೂರುತ್ತದೆ. ಈ ಮಹಾಶಯನ ಕೋಟಿನಲ್ಲಿ ಬಲಗಡೆಯದು ಎಡದ ಮೇಲೆ ಹತ್ತಿ ಕೂತಿತ್ತು, ಥೇಟ್ ಹೆಂಗಸರ ಕೋಟಿನ ಹಾಗೆ.

"ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನಿಮ್ಮ ತಲೆ ನನ್ನ ಫೋಟೋಲಿ ಬರ್ತಿದೆ," ಎಂದಿತು ಹಿಂದಿನಿಂದ ಒಂದು ಎಳೆ ದನಿ.

"ಬರಲಿ ಬಿಡು. ನಿನ್ನ ಫೋನಲ್ಲಿ ಒಂದಾದ್ರೂ ನಿಜವಾದ ಮುಖ ಇರಲಿ."

ದನಿ ಗೊಣಗಿಕೊಂಡು ಆಚೆ ಹೋಯಿತು. ಸೋಲ್ವೈ ಅಲುಗಲಿಲ್ಲ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕಳ್ಳ ಪಾಸ್‌ಪೋರ್ಟ್ ಹಿಡಿಯುವ ಕೆಲಸ ಮಾಡಿದವಳು. ಮುಖ ನೋಡುವುದೇ ಅವಳ ಉದ್ಯೋಗವಾಗಿತ್ತು. ಈಗ ಪಿಂಚಣಿ ತಗೊಂಡು, ಕಳೆದುಹೋದ ಮಕ್ಕಳು, ಓಡಿಹೋದ ಗಂಡಂದಿರು ಇಂಥವರನ್ನು ಹುಡುಕಿಕೊಟ್ಟು ಕಾಲ ಹಾಕುತ್ತಿದ್ದಳು. ನಿನ್ನೆ ಬೆಳಿಗ್ಗೆಯಿಂದ ಕಳೆದುಹೋಗಿದ್ದವಳು ಮಾತ್ರ ಅವಳ ಸ್ವಂತ ಅಕ್ಕ ಟೋವ.

ಆ ಟೋವ ಚಳಿಗಾಲವಿಡೀ ಫೋನಿನಲ್ಲೇ ಪ್ರೀತಿಸಿದ ಗಂಡಸು ಇವನೇ, ಈ ಚಿತ್ರದಲ್ಲಿರುವವನು. ಹೆಸರು ಮೋಗನ್ಸ್. ಗ್ರೀನ್‌ಲ್ಯಾಂಡಿನಲ್ಲಿ ಬಂಡಿ ಎಳೆಯುವ ನಾಯಿಗಳಿಗೆ ಔಷಧ ಕೊಡುವ ಡಾಕ್ಟರು ಅಂತೆ. ಅಲ್ಲಿ ಸಿಗ್ನಲ್ ಸರಿಯಿಲ್ಲವಂತೆ, ಹಾಗಾಗಿ ಮಾತಾಡುವುದಕ್ಕಾಗಲೀ ಮುಖ ತೋರಿಸುವುದಕ್ಕಾಗಲೀ ಆಗುವುದಿಲ್ಲವಂತೆ. ಬರೀ ಫೋಟೋ, ಬರೀ ಬರಹ. ಅದೂ ಎಂಥ ಬರಹ! ಓದಿದರೆ ಕಲ್ಲೂ ಮೆತ್ತಗಾಗಬೇಕು.

ಸೋಲ್ವೈ ಹುಡುಕಿಸಿದ್ದಳು. ಆ ಹೆಸರಿನ ನಾಯಿ ಡಾಕ್ಟರು ಅಲ್ಲಿ ಯಾರೂ ಇಲ್ಲ. ಅದರಲ್ಲೇನೂ ಹೊಸದಿಲ್ಲ, ಒಂಟಿ ಹೆಂಗಸರಿಗೆ ಟೋಪಿ ಹಾಕುವವರು ಊರೂರಿಗೆ ಇದ್ದಾರೆ. ಅವಳನ್ನು ನಿದ್ದೆಗೆಡಿಸಿದ್ದು ಬೇರೆಯೇ ಒಂದು ಸಂಗತಿ. ಈ ಮೋಗನ್ಸ್ ಟೋವಳಿಂದ ಇವತ್ತಿನವರೆಗೆ ಒಂದು ಕ್ರೋನರ್ ಕೇಳಿರಲಿಲ್ಲ. ಬರೀ ಕೇಳುತ್ತಿದ್ದದ್ದು, ಬೆಳಿಗ್ಗೆ ಎದ್ದು ಏನು ಮಾಡಿದೆ, ಯಾರನ್ನು ನೆನೆದು ಅತ್ತೆ, ಅಂತ. ದುಡ್ಡು ಬೇಡದ ಕಳ್ಳನನ್ನು ಸೋಲ್ವೈ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಮತ್ತೊಮ್ಮೆ ಟೋವಳ ನಂಬರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಹೋದ ವರ್ಷ ಅಕ್ಕ ಮಂಜಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳ ಫೋನನ್ನು ಸೋಲ್ವೈ ತಾನೇ ಸರಿಮಾಡಿಕೊಟ್ಟಿದ್ದಳು. ಫೋನ್ ಸದ್ದಿಲ್ಲದಂತೆ ಇಟ್ಟಿದ್ದರೂ ತಂಗಿಯ ಕರೆ ಬಂದರೆ ಅದು ಕೋಗಿಲೆಯ ಹಾಗೆ ಕೂಗಲೇಬೇಕು. ಆದರೆ ಆಫ್ ಮಾಡಿಟ್ಟ ಫೋನು ಎಲ್ಲಿಂದ ಕೂಗೀತು?

ಡೆನ್ಮಾರ್ಕಿನ ಆಲ್ಬೋರ್ ಬಂದರಿನ ಆ ಹಳೆಯ ಮೀನಿನ ಗೋದಾಮು ಶನಿವಾರದ ಮಧ್ಯಾಹ್ನ ಗಿಜಿಗುಡುತ್ತಿತ್ತು. ಬೋಡಿಲ್ ಕ್ರಾಗಳ ಹೊಸ ಚಿತ್ರಗಳ ಪ್ರದರ್ಶನ, ಹೆಸರು 'ಇಲ್ಲದವರು'. ಗೆಳತಿಯ ಪ್ರದರ್ಶನಕ್ಕಾದರೂ ಅಕ್ಕ ಬಂದಾಳೆಂದು ಸೋಲ್ವೈ ಇಲ್ಲಿಗೆ ಬಂದಿದ್ದಳು. ಹೊರಗೆ ಮಳೆ, ಒಳಗೆ ಪ್ಲಾಸ್ಟಿಕ್ ಲೋಟಗಳಲ್ಲಿ ಬಿಳಿ ವೈನು, ಕಡ್ಡಿಗೆ ಚುಚ್ಚಿದ ಚೀಸು. ಬಾಗಿಲ ಬಳಿ ಕೋಟುಗಳ ಸಾಲು. ಈ ಊರಿನವರಿಗೆ ಕಪ್ಪು ಬಿಟ್ಟರೆ ಬಣ್ಣವೇ ಗೊತ್ತಿಲ್ಲವೇನೋ ಅನ್ನುವಷ್ಟು ಕಪ್ಪು ಕೋಟುಗಳು.

ಬೋಡಿಲ್ ಚೆನ್ನಾಗಿ ಬರೆಯುತ್ತಾಳೆ, ಅದನ್ನು ಒಪ್ಪಲೇಬೇಕು. ಒಂದು ಗೋಡೆಯ ಮೇಲೆ ಪಳಪಳ ಹೊಳೆಯುವ ಅಡುಗೆಮನೆಯಲ್ಲಿ ನಗುತ್ತ ನಿಂತ ಹುಡುಗಿ. ಕ್ಯಾಮೆರಾದ ಚೌಕಟ್ಟಿನಾಚೆ ಅದೇ ಅಡುಗೆಮನೆ ತಿಪ್ಪೆ. ಇನ್ನೊಂದರಲ್ಲಿ ಆಕಾಶದಿಂದ ಹಿಮದ ಬದಲು ಕೆಂಪು ಹೃದಯಗಳು ಸುರಿಯುತ್ತಿವೆ, ಬಾಗಿಲು ತೆರೆಯಲಾಗದೆ ಒಬ್ಬ ಅವನ್ನು ಸಲಿಕೆಯಲ್ಲಿ ಬಾಚಿ ಬಾಚಿ ಎಸೆಯುತ್ತಿದ್ದಾನೆ. ಮೂರನೆಯದರ ಮುಂದೆ ಸೋಲ್ವೈ ನಿಂತುಬಿಟ್ಟಿದ್ದಳು. ಅದು ಟೋವಳ ಅಡುಗೆಮನೆ. ನಸುಕಿನ ಬೆಳಕು. ಮೇಜಿನ ಮೇಲೆ ಎರಡು ಕಾಫಿ ಬಟ್ಟಲು, ಒಂದು ನೀಲಿಯದು, ಕಿವಿ ಮುರಿದದ್ದು. ಟೋವಳದೆಂದು ಕಾಣುವುದು ಫೋನು ಹಿಡಿದ ಕೈ ಮಾತ್ರ. ಆ ನೀಲಿ ಬಟ್ಟಲು ಸತ್ತ ಭಾವ ಪ್ರೆಬೆನನದು. ಅಕ್ಕ ಅದನ್ನೂ ಇಟ್ಟು ಕೂರುತ್ತಾಳೆಂದು ತಂಗಿಗೇ ಗೊತ್ತಿರಲಿಲ್ಲ. ಬೋಡಿಲಳ ಹತ್ತಿರ ಹೇಳಿಕೊಂಡಿರಬೇಕು. ಇಬ್ಬರೂ ಚರ್ಚಿನ ಹಾಡಿನ ಗುಂಪಿನಲ್ಲಿ ಜೊತೆಗಾತಿಯರು, ಮನೆಗೆ ಬಂದುಹೋಗುವವರು.

ಈಗ ಮೋಗನ್ಸ್‌ನ ಚಿತ್ರದ ಮುಂದೆ ಸೋಲ್ವೈ ತನ್ನ ಫೋನು ತೆಗೆದಳು. ಅಕ್ಕ ಹಿಂದೊಮ್ಮೆ ಹಿಗ್ಗಿನಿಂದ ಕಳಿಸಿದ್ದ ಮೋಗನ್ಸ್‌ನ ಫೋಟೋ ತೆರೆದು ಚಿತ್ರದ ಪಕ್ಕಕ್ಕೆ ಹಿಡಿದಳು.

ಫೋಟೋದಲ್ಲೂ ಕೋಟಿನ ಗುಂಡಿ ಹೆಂಗಸರ ಕಡೆಗೇ ಇತ್ತು. ಅಂದರೆ ಫೋಟೋವನ್ನು ಯಾರೋ ಎಡಬಲ ತಿರುಗಿಸಿದ್ದಾರೆ. ಇದು ಹಳೇ ಚಮತ್ಕಾರ. ಕದ್ದ ಫೋಟೋ ತಿರುಗಿಸಿ ಹಾಕಿದರೆ ಅಸಲು ಯಾರದೆಂದು ಹುಡುಕುವುದು ಕಷ್ಟ. ಬೋಡಿಲ್ ಆ ಫೋಟೋ ನೋಡಿಯೇ ಕೋಟು ಬರೆದಿದ್ದಾಳೆ, ಸರಿ.

ಫೋಟೋದಲ್ಲಿ ಮೋಗನ್ಸ್‌ನ ಎಡ ಹುಬ್ಬನ್ನು ಸೀಳಿಕೊಂಡು ಒಂದು ಹಳೇ ಗಾಯದ ಗುರುತಿತ್ತು.

ಚಿತ್ರದಲ್ಲಿ ಗಾಯ ಬಲ ಹುಬ್ಬಿನಲ್ಲಿತ್ತು.

ಸೋಲ್ವೈ ಫೋನು ಕಿಸೆಗೆ ಹಾಕಿ, ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ನೇರ ಹೋಗಿ ಬೋಡಿಲಳ ತೋಳು ಹಿಡಿದಳು.

"ಒಳಗೆ ಬಾ."

"ಇವತ್ತು ಬೇಡ ಕಣೇ. ಪೇಪರಿನವರು ಬಂದಿದ್ದಾರೆ. ಈಗ ನನ್ನ ಭಾಷಣ ಇದೆ."

"ನಮ್ಮಕ್ಕ ಬಂದಿಲ್ಲ. ಬಾ."

ಹಿಂದಿನ ಕೋಣೆಯಲ್ಲಿ ಖಾಲಿ ಬಾಟಲಿ, ರಟ್ಟು, ಚಿತ್ರ ಸುತ್ತಿ ತಂದ ಕಂಬಳಿಗಳು. ಬೋಡಿಲ್ ಒಂದು ಮರದ ಪೆಟ್ಟಿಗೆಗೆ ಒರಗಿ ನಿಂತಳು. ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣವಿತ್ತು. ಕಣ್ಣ ಕೆಳಗೆ ಕಪ್ಪು. ಬಂದಾಗಿನಿಂದ ಫೋನು ತೆಗೆದು ನೋಡುವುದು, ಮತ್ತೆ ಕಿಸೆಗಿಡುವುದು.

"ಯಾರ ಫೋನಿಗೆ ಕಾಯ್ತಿದೀಯ?"

"ಟೋವಂದು, ಇನ್ಯಾರದು? ನಿನಗೊಬ್ಬಳಿಗೇ ಅವಳ ಚಿಂತೆ ಅನ್ಕೊಂಡಿದೀಯಾ? ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು."

ಅದು ಸುಳ್ಳಿನಂತೆ ಕೇಳಲಿಲ್ಲ. ಸೋಲ್ವೈ ಅದನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟಳು.

"ಮೋಗನ್ಸ್‌ನ ಏನು ನೋಡಿ ಬರೆದೆ?"

"ಫೋಟೋ ನೋಡಿ. ಟೋವಳೇ ತೋರಿಸಿದ್ಲು. ನಂಗೂ ಕಳಿಸು ಅಂದೆ, ಕಳಿಸಿದ್ಲು."

"ಕಣ್ಣಾರೆ ನೋಡೇ ಇಲ್ಲ ಅವನನ್ನ?"

"ಇಲ್ಲದವನನ್ನ ಹೆಂಗೆ ನೋಡ್ಲಿ, ಮಾರಾಯ್ತಿ? ಪ್ರದರ್ಶನದ ಹೆಸರೇ ಅದು."

ಸೋಲ್ವೈ ಫೋಟೋವನ್ನು ಅವಳ ಮೂಗಿನ ಮುಂದೆ ಹಿಡಿದಳು. "ಗಾಯ ಯಾವ ಹುಬ್ಬಲ್ಲಿದೆ?"

"ಎಡಕ್ಕೆ."

"ನಿನ್ನ ಚಿತ್ರದಲ್ಲಿ?"

ಬೋಡಿಲ್ ನಕ್ಕಳು. "ಅಯ್ಯೋ, ಇಷ್ಟೇನಾ? ನಾವು ಚಿತ್ರ ಬರೆಯೋರು ಕನ್ನಡಿ ಇಟ್ಕೊಂಡು ತಿದ್ದೋದು ಕಣೇ. ಕನ್ನಡೀಲಿ ನೋಡಿದ್ರೆ ತಪ್ಪು ಎದ್ದು ಕಾಣುತ್ತೆ. ಹಂಗೆ ನೋಡ್ತಾ ನೋಡ್ತಾ ಎಡ ಬಲ ಅದಲು ಬದಲಾಗಿರುತ್ತೆ."

"ಮುಖ ತಿರುಗಿದ್ರೆ ಕೋಟೂ ತಿರುಗಬೇಕಲ್ಲ. ಕೋಟು ಫೋಟೋಲಿ ಇದ್ದ ಹಾಗೇ ಇದೆ, ಹೆಂಗಸರ ಗುಂಡಿ. ಮುಖ ಮಾತ್ರ ನೆಟ್ಟಗಾಗಿದೆ." ಸೋಲ್ವೈ ಒಂದು ಹೆಜ್ಜೆ ಮುಂದೆ ಬಂದಳು. "ಆ ಗಾಯ ನಿಜವಾಗಿ ಬಲಕ್ಕಿದೆ ಅಂತ ಫೋಟೋ ನೋಡಿದವರಿಗೆ ಗೊತ್ತಾಗಲ್ಲ ಬೋಡಿಲ್. ಮನುಷ್ಯನ್ನ ಎದುರಿಗೆ ಕೂರಿಸಿಕೊಂಡವರಿಗೆ ಮಾತ್ರ ಗೊತ್ತಾಗುತ್ತೆ."

ಹೊರಗೆ ಯಾರೋ ಗಟ್ಟಿಯಾಗಿ ನಕ್ಕರು. ಬೋಡಿಲ್ ಪೆಟ್ಟಿಗೆಯ ಮೇಲೆ ನಿಧಾನವಾಗಿ ಕುಳಿತಳು.

"ಥೂ," ಎಂದಳು, ತನಗೆ ತಾನೇ. "ಬಟ್ಟೆ ವಿಷಯ ಯಾವತ್ತೂ ಹಿಂಗೇ. ಮುಖಕ್ಕೆ ಮಾತ್ರ ಜನಾನ ಕೂರಿಸ್ತೀವಿ. ಕೋಟಿಗೋಸ್ಕರ ಯಾರನ್ನ ದಿನಗಟ್ಟಲೆ ಕೂರಿಸೋದು? ಅವರು ಮನೆಗೆ ಹೋದಮೇಲೆ ಫೋಟೋ ನೋಡಿ ಮುಗಿಸಿಬಿಡ್ತೀವಿ. ಎಲ್ಲಾರೂ ಮಾಡೋದೇ."

"ಯಾರವನು?"

"ಎಸ್ಕಿಲ್ ಅಂತ. ಚರ್ಚುಗಳಲ್ಲಿ ಆರ್ಗನ್ ಶ್ರುತಿ ಮಾಡ್ತಾನೆ. ಪಾಪದವನು ಕಣೇ. ಅವನ ಫೋಟೋ ಕದ್ದು ಯಾರೋ ಮೋಗನ್ಸ್‌ನ ಹುಟ್ಟಿಸಿದ್ದಾರೆ. ನಾನು ಚಿತ್ರದ ಕರಡು ನೆಟ್ಟಿಗೆ ಹಾಕಿದ್ನಲ್ಲ, ಅದನ್ನ ನೋಡಿ ಮನೆಗೇ ಬಂದ. ನನ್ನ ಮುಖ ತೆಗೀ ಅಂತ ಕೂಗಾಡಿದ."

"ಕೂಗಾಡಿದವನು ಆಮೇಲೆ ಕೂತು ಮುಖ ಬರೆಸಿಕೊಂಡನಾ?"

"ಕಾಫಿ ಕೊಟ್ಟೆ. ಸಮಾಧಾನ ಮಾಡಿದೆ."

"ಮೋಗನ್ಸ್ ಅನ್ನೋನು ಸುಳ್ಳು, ಮುಖ ಈ ಎಸ್ಕಿಲಂದು ಅಂತ ನಿನಗೆ ಗೊತ್ತಾಯ್ತು. ನಮ್ಮಕ್ಕ ದಿನಾ ಆ ಮುಖಕ್ಕೆ ಶುಭರಾತ್ರಿ ಹೇಳಿ ಮಲಗ್ತಿದ್ಲು. ಅವಳಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

ಬೋಡಿಲ್ ಉಗುರಿನ ಸಂದಿಯ ಬಣ್ಣ ಕೆರೆದಳು.

"ಚಿತ್ರ ಮುಗಿದಿರಲಿಲ್ಲ," ಎಂದಳು.

ಸೋಲ್ವೈಯ ಕೈ ತಾನಾಗಿ ಎದ್ದಿತ್ತು. ಕಷ್ಟಪಟ್ಟು ಕಿಸೆಯೊಳಗೆ ತುರುಕಿಕೊಂಡಳು. "ಅವಳಿಗೆ ಏನಾದ್ರೂ ಆಗಿದ್ರೆ, ನಿನ್ನ ಎಲ್ಲಾ ಚಿತ್ರಾನೂ ಬಂದರಿನ ನೀರಲ್ಲಿ ತೇಲಿಸ್ತೀನಿ. ಒಂದೊಂದಾಗಿ. ಎಲ್ಲಿದ್ದಾನೆ ಆ ಎಸ್ಕಿಲ್?"

"ಇಲ್ಲೇ ಇದ್ದಾನೆ. ನಾನೇ ಕರೆದಿದ್ದೆ. ಅವನ ಚಿತ್ರದ ಹತ್ತಿರಾನೇ ಇರ್ತಾನೆ, ನೋಡು." ಬೋಡಿಲ್ ಎದ್ದು ಕೂದಲು ಸರಿಮಾಡಿಕೊಂಡಳು. ಮತ್ತೊಮ್ಮೆ ಫೋನು ನೋಡಿ ಕಿಸೆಗಿಟ್ಟಳು. "ನಾನಿನ್ನು ಭಾಷಣಕ್ಕೆ ಹೋಗಬೇಕು."

ಎಸ್ಕಿಲ್ ನಿಜವಾಗಿಯೂ ಅಲ್ಲಿದ್ದ. ಎತ್ತರದ ಆಳು, ಬಲ ಹುಬ್ಬಿನಲ್ಲಿ ಗಾಯ, ಹೆಣೆದ ಸ್ವೆಟರು. ತನ್ನದೇ ಚಿತ್ರದ ಪಕ್ಕದಲ್ಲಿ ನಿಂತು, ಚೀಸಿನ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಿವಿಯವರೆಗೂ ನಗುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಮುಖ ಕಳುವಾಯಿತೆಂದು ಕೂಗಾಡಿದವನ ಲಕ್ಷಣ ಒಂದೂ ಕಾಣಲಿಲ್ಲ. ನೆಂಟರ ಮದುವೆಗೆ ಬಂದವನ ಹಾಗಿದ್ದ.

ಸೋಲ್ವೈ ಅವನ ಕಡೆ ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಅವಳ ಫೋನು ಟಿಣ್ ಎಂದಿತು.

ಟೋವ.

ಒಂದು ಫೋಟೋ. ಹಡಗುಕಟ್ಟೆ, ಹಿಂದೆ ದೊಡ್ಡ ಬಿಳಿ ಹಡಗು. ಟೋವ ತನ್ನ ಹಳದಿ ಮಳೆಕೋಟಿನಲ್ಲಿ ನಗುತ್ತಿದ್ದಾಳೆ. ಅವಳ ಹೆಗಲ ಮೇಲೆ ಕೈ ಹಾಕಿ ಮೋಗನ್ಸ್ ನಿಂತಿದ್ದಾನೆ. ಕೆಳಗೆ ಬರಹ: 'ಈಗ ಫ್ರೆಡ್ರಿಕ್ಸ್‌ಹಾವ್ನ್ ಬಂದರಲ್ಲಿದ್ದೀನಿ. ಮೋಗನ್ಸ್ ಬಂದ. ಸುಖವಾಗಿದ್ದೀನಿ, ಹುಡುಕಬೇಡ.'

ಸೋಲ್ವೈ ತಲೆಯೆತ್ತಿದಳು. ಆ ಮುಖದ ಒಡೆಯ ಅವಳಿಂದ ನಾಲ್ಕು ಮಾರು ದೂರದಲ್ಲಿ ಚೀಸು ಅಗಿಯುತ್ತಿದ್ದ.

ಹಾಗಾದರೆ ಈ ಫೋಟೋ ಕಟ್ಟಿದ್ದು. ಯಾರೋ ಕೂತು ತಯಾರು ಮಾಡಿದ್ದು. ಟೋವಳ ಫೋನು ಅವರ ಕೈಯಲ್ಲಿದೆ. ಫೋನು ಅವರ ಕೈಯಲ್ಲಿದ್ದರೆ, ಟೋವ ಎಲ್ಲಿ?

  ಈಗ ತಾನೇ ಫೋಟೋ ಬಂದಿದೆ ಎಂದಮೇಲೆ ಆ ಫೋನು ಆನ್ ಆಗಿದೆ. ಸೋಲ್ವೈ ಕರೆ ಮಾಡಿದಳು.

ಗೋದಾಮಿನ ನಟ್ಟನಡುವೆ ಬೋಡಿಲ್ ಪೆಟ್ಟಿಗೆಯ ಮೇಲೆ ಹತ್ತಿ ಲೋಟಕ್ಕೆ ಚಮಚ ಬಡಿದಳು. ಜನ ಸುಮ್ಮನಾದರು. ಎಲ್ಲರ ಕೈಯಲ್ಲೂ ಫೋನು ಮೇಲೆದ್ದಿತು. ಆ ನಿಶ್ಶಬ್ದದಲ್ಲಿ, ಬಾಗಿಲ ಕಡೆಯಿಂದ, ಕೋಗಿಲೆ ಕೂಗಿತು.

ಕುಹೂ. ಕುಹೂ.

ಜನ ನಕ್ಕರು. ಇದೂ ಪ್ರದರ್ಶನದ ಭಾಗವೆಂದುಕೊಂಡರು. ಬೋಡಿಲಳೂ ನಕ್ಕು, "ವಸಂತ ಬಂತು ಅಂತ ಕಾಣುತ್ತೆ," ಎಂದಳು. ಸೋಲ್ವೈ ಆಗಲೇ ಕೋಟುಗಳ ಸಾಲಿನ ಹತ್ತಿರ ತಲುಪಿದ್ದಳು. ಕೂಗು ಅದರೊಳಗಿನಿಂದಲೇ ಬರುತ್ತಿತ್ತು. ಒದ್ದೆ ಉಣ್ಣೆಯ ವಾಸನೆ. ಒಂದು ಕೋಟು ಸರಿಸಿದಳು, ಇನ್ನೊಂದು ಸರಿಸಿದಳು. ಕೊನೆಯಲ್ಲಿದ್ದ ಕೋಟಿಗೆ ಕಾಲುಗಳಿದ್ದವು. ಕಾಲಿಗೆ ಹಸಿರು ರಬ್ಬರ್ ಬೂಟುಗಳಿದ್ದವು.

"ಕಟ್ ಮಾಡೇ ಅದನ್ನ, ಮಂಕೇ!" ಎಂದಿತು ಕೋಟು.

ಸೋಲ್ವೈಗೆ ಕರೆ ನಿಲ್ಲಿಸುವ ಗುಂಡಿ ಸಿಗಲಿಲ್ಲ. ಟೋವಳೇ ಕಸಿದು ನಿಲ್ಲಿಸಿದಳು. ಊರಿಗೆಲ್ಲ ಗುರುತಿದ್ದ ಆ ಹಳದಿ ಕೋಟನ್ನು ಒಳಹೊರಗು ಮಾಡಿ, ಕಪ್ಪು ಅಸ್ತರು ಮೇಲೆ ಬರುವಂತೆ ತೊಟ್ಟಿದ್ದಳು. ಹುಬ್ಬಿನವರೆಗೆ ಉಣ್ಣೆಯ ಟೋಪಿ.

"ನೀನು... ನೀನು..." ಸೋಲ್ವೈ ಅವಳ ಎರಡೂ ಭುಜ ಹಿಡಿದಳು. "ಆಸ್ಪತ್ರೆಗಳಿಗೆಲ್ಲ ಫೋನ್ ಮಾಡಿದೆ ಕಣೇ. ಶವಾಗಾರಕ್ಕೂ ಮಾಡಿದೆ!"

"ಅಳೋದು, ಬೈಯೋದು ಎಲ್ಲಾ ಆಮೇಲೆ. ಮೆಲ್ಲಗೆ ಮಾತಾಡು."

"ಆ ಫೋಟೋ ಯಾರು ಮಾಡಿದ್ದು?"

"ನಾನೇ. ಲೈಬ್ರರೀಲಿ ಮುದುಕರಿಗೆ ಹೇಳ್ಕೊಡ್ತಾರೆ. ಚೆನ್ನಾಗಿ ಬಂದಿಲ್ವಾ?" ಟೋವಳ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಮಿಂಚಿತು. "ಬಾಗಿಲಲ್ಲೇ ನಿನ್ನ ನೋಡಿದೆ. ಇದನ್ನ ಕಳಿಸಿದ್ರೆ ಫ್ರೆಡ್ರಿಕ್ಸ್‌ಹಾವ್ನ್‌ಗೆ ಓಡ್ತೀಯ, ಇಲ್ಲಿ ಅಡ್ಡ ಬರಲ್ಲ ಅನ್ಕೊಂಡೆ."

"ಏನಕ್ಕೆ ಅಡ್ಡ?"

ಟೋವ ಕಿಸೆಯಿಂದ ಮುದುಡಿದ ಆಮಂತ್ರಣ ಪತ್ರ ತೆಗೆದಳು. ಅದರ ಮೇಲೆ ಅಚ್ಚಾಗಿದ್ದದ್ದು ಆ ಅಡುಗೆಮನೆಯ ಚಿತ್ರ. ಎರಡು ಬಟ್ಟಲು.

"ಇದು ನಿನ್ನೆ ಬೆಳಿಗ್ಗೆ ಟಪಾಲಲ್ಲಿ ಬಂತು. ಫೋನ್ ಆರಿಸಿ ಮನೆಯಿಂದ ಹೊರಟೆ. ಗೆಳತಿ ಮನೇಲಿ ಮಲಗಿದ್ದೆ, ನಿದ್ದೆ ಬರಲಿಲ್ಲ."

"ನಿನ್ನ ಕೇಳದೆ ಬರೆದ್ಲು ಅಂತ ಸಿಟ್ಟಾ?"

"ಪ್ರೆಬೆನನ ಬಟ್ಟಲು ಇಡೋದು ನಾನು ನಸುಕಲ್ಲಿ. ಬೆಳಕು ಹರಿಯೋ ಮುಂಚೆ ತೊಳೆದು ಎತ್ತಿಡ್ತೀನಿ. ಯಾರಾದ್ರೂ ನೋಡಿದ್ರೆ ಹುಚ್ಚಿ ಅಂತಾರೆ. ನಿನಗೆ ಹೇಳಿದ್ನಾ?"

"ಇಲ್ಲ. ಬೋಡಿಲ್‌ಗೆ ಹೇಳಿರ್ತೀಯ ಅನ್ಕೊಂಡೆ."

"ಬೋಡಿಲ್‌ಗೂ ಹೇಳಿಲ್ಲ." ಟೋವ ಪತ್ರವನ್ನು ಮಡಚಿದಳು. "ಜೀವಮಾನದಲ್ಲಿ ಒಬ್ಬನಿಗೆ ಹೇಳಿದ್ದೆ. ಮೋಗನ್ಸ್‌ಗೆ."

ಆಚೆ ಬೋಡಿಲಳ ಭಾಷಣ ನಡೆದಿತ್ತು. "...ಸುಳ್ಳು ಹೇಳೋರನ್ನ ನಾನು ಬರೆದಿಲ್ಲ, ಸ್ನೇಹಿತರೇ. ನಂಬಿದವರನ್ನ ಬರೆದಿದ್ದೀನಿ. ನಂಬಿದವರ ಮುಖದ ಮೇಲೆ ಬೀಳೋ ಆ ಬೆಳಕು ಇದೆಯಲ್ಲ..."

ಸೋಲ್ವೈ ಕೋಟುಗಳ ಸಂದಿಯಿಂದ ಎಸ್ಕಿಲನ ಕಡೆ ಕೈ ತೋರಿಸಿದಳು. "ಮೋಗನ್ಸ್‌ನ ಮುಖ ಅಲ್ಲಿ ನಿಂತಿದೆ. ನೋಡು."

ಟೋವ ನೋಡಿದಳು. ತುಂಬಾ ಹೊತ್ತು ನೋಡಿದಳು. ಚಳಿಗಾಲದ ಅಷ್ಟೂ ಇರುಳು ಗಾಜಿನ ಮೇಲೆ ಬೆರಳಿಟ್ಟು ಸವರಿದ ಕೆನ್ನೆ ಅಲ್ಲಿ ಚೀಸು ಅಗಿಯುತ್ತಿತ್ತು. 

"ಮುಖ ಅದೇ. ಆದ್ರೆ ಮುಖ ನನ್ನ ಜೊತೆ ಒಂದು ದಿನಾನೂ ಮಾತಾಡಿಲ್ಲ. ಮಾತಾಡಿದ್ದು ಬೇರೆ ಯಾರೋ. ಅವರು ಇವತ್ತು ಇಲ್ಲಿ ಇರಲೇಬೇಕು."

ಅವಳು ಫೋನು ತೆರೆದಳು. ಹೆಬ್ಬೆರಳಿನಿಂದ ನಿಧಾನವಾಗಿ ಬರೆದಳು. ಸೋಲ್ವೈ ಹೆಗಲ ಮೇಲಿಂದ ಓದಿದಳು.

'ಮೋಗನ್ಸ್, ಇವತ್ತೂ ಎರಡು ಬಟ್ಟಲು ಇಟ್ಟೆ. ಇದ್ದೀಯಾ?'

"ಯಾರು ಫೋನ್ ತೆಗೀತಾರೆ ನೋಡ್ತಿರು," ಎಂದು ಕಳಿಸಿದಳು.

ಸೋಲ್ವೈ ಎಸ್ಕಿಲನ ಕೈಯನ್ನೇ ದಿಟ್ಟಿಸಿದಳು. ಆ ಕೈ ಇನ್ನೊಂದು ಚೀಸಿನ ತುಂಡಿಗೆ ಹೋಯಿತು. ಫೋನು ಅವನ ಹಿಂದಿನ ಕಿಸೆಯಲ್ಲಿ ಸುಮ್ಮನೆ ಬಿದ್ದಿತ್ತು.

ಆಗ ಅವಳಿಗೆ ಏನೋ ಕಡಿಮೆಯಾದಂತೆ ಅನಿಸಿತು. ಒಂದು ಗಳಿಗೆ ಬೇಕಾಯಿತು ಅದೇನೆಂದು ತಿಳಿಯಲು. ಭಾಷಣ ನಿಂತುಹೋಗಿತ್ತು.

ಪೆಟ್ಟಿಗೆಯ ಮೇಲೆ ನಿಂತಿದ್ದ ಬೋಡಿಲ್ ಅರ್ಧ ವಾಕ್ಯದಲ್ಲಿ ತಡೆದು ಕಿಸೆಗೆ ಕೈ ಹಾಕಿದ್ದಳು. ಫೋನು ನೋಡಿದಳು. ಎರಡು ದಿನದ ಆಯಾಸವೆಲ್ಲ ಅವಳ ಮುಖದಿಂದ ಜಾರಿಬಿದ್ದ ಹಾಗಾಯಿತು. ಕಣ್ಣು ಮುಚ್ಚಿ ಒಂದು ನೀಳ ಉಸಿರು ಬಿಟ್ಟಳು.

"ಕ್ಷಮಿಸಿ, ಒಂದೇ ನಿಮಿಷ, ಮನೆಯಿಂದ," ಎಂದು ಜನರಿಗೆ ಬೆನ್ನು ತಿರುಗಿಸಿದಳು. ಜನರಿಗೆ ಬೆನ್ನು, ಕೋಟುಗಳಿಗೆ ಮುಖ. ಫೋನಿನ ನೀಲಿ ಬೆಳಕು ಆ ಮುಖದ ಮೇಲೆ ಬಿದ್ದಿತ್ತು. ಬಣ್ಣ ಮೆತ್ತಿದ ಎರಡು ಹೆಬ್ಬೆರಳು ಚಕಚಕ ಓಡತೊಡಗಿದವು.

ಟೋವ ತನ್ನ ಫೋನನ್ನು ತಂಗಿಯ ಕಡೆ ತಿರುಗಿಸಿದಳು.

ಪರದೆಯ ಮೇಲುಗಡೆ, ಬಲ ಹುಬ್ಬಿನ ಗಾಯ ಎಡಕ್ಕೆ ತಿರುಗಿದ್ದ ಆ ಪುಟ್ಟ ಮುಖದ ಪಕ್ಕದಲ್ಲಿ, ಅಕ್ಷರಗಳು ಮಿನುಗುತ್ತಿದ್ದವು.

ಮೋಗನ್ಸ್ ಟೈಪ್ ಮಾಡುತ್ತಿದ್ದಾರೆ...